ಕಾರಿನೊಳಗೆ ನೀರು: ಸೋರುವ ಜಾಗ ಹುಡುಕೋದು ಹೇಗೆ?

ಪ್ರಶ್ನೆ, ಸಾಗರದಿಂದ:
ನಮ್ಮದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಮಳೆಗಾಲ ಶುರುವಾದಾಗಿನಿಂದ ಮುಂದಿನ ಎಡಗಡೆ ಸೀಟಿನಲ್ಲಿ ಕಾಲಿಡುವ ಜಾಗ ಒದ್ದೆ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಗ್ಯಾರೇಜಿನವರು ಬಾಗಿಲುಗಳ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಪೂರ್ತಿ ಬದಲಾಯಿಸಬೇಕು ಅನ್ನುತ್ತಿದ್ದಾರೆ. ಮಾಡಿಸಲೋ ಬೇಡವೋ? ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ಬೀಡಿಂಗ್ ಆಮೇಲೆ ನೋಡೋಣ ಸಾರ್. ಮೊದಲು ನೀರು ಯಾವಾಗ ಬರುತ್ತದೆ ಅನ್ನೋದನ್ನು ಗಮನಿಸಿ. ನೀರು ನಿಂತ ಜಾಗವೇ ಸೋರುವ ಜಾಗ ಅಂದುಕೊಂಡರೆ ದುಡ್ಡು ದಂಡ. ಹಂಚಿನ ಮನೆಯಲ್ಲಿ ಹಂಚು ಒಡೆದಿರೋದು ಒಂದು ಕಡೆ, ಪಾತ್ರೆ ಇಡೋದು ಇನ್ನೊಂದು ಕಡೆ, ಅಲ್ವಾ? ಕಾರಿನಲ್ಲೂ ನೀರು ತಗಡಿನ ಅಂಚು, ವೈರುಗಳ ಗುಂಟ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ.

ಮಳೆ ಇಲ್ಲದ ದಿನವೂ ಎಸಿ ಹಾಕಿ ಓಡಿಸಿದ ಮೇಲೆ ಒದ್ದೆಯಾದರೆ ಅದು ಎಸಿ ನೀರು. ನಮ್ಮ ದೇಶದ ಬಹುತೇಕ ಕಾರುಗಳಲ್ಲಿ ಕೂಲಿಂಗ್ ಕಾಯಿಲ್ ಇರೋದು ಡ್ಯಾಶ್‌ಬೋರ್ಡಿನ ಎಡಭಾಗಕ್ಕೇ. ಅದರ ಮೇಲೆ ಕೂತ ತೇವ ಒಂದು ಸಣ್ಣ ಪೈಪಿನಲ್ಲಿ ಇಳಿದು ರಸ್ತೆಗೆ ತೊಟ್ಟಿಕ್ಕಬೇಕು. ಪೈಪಿನಲ್ಲಿ ಧೂಳು ಕಟ್ಟಿದರೆ ಒಳಗೆ ಚೆಲ್ಲುತ್ತದೆ. ಈಗಿನ ಹವೆಗೆ ಕಾಲು ಗಂಟೆ ಎಸಿ ಓಡಿದರೂ ಕಾರಿನ ಕೆಳಗೆ ಹನಿ ಬೀಳದಿದ್ದರೆ ಪೈಪಿನ ಮೇಲೆ ಅನುಮಾನ ಪಡಿ. ಬಿಡಿಸೋದು ಸಣ್ಣ ಕೆಲಸ.

ನೀರು ಮುಟ್ಟಿದರೆ ಅಂಟಂಟು, ಸಿಹಿ ವಾಸನೆ, ಗಾಜಿನ ಒಳಗಡೆ ಜಿಡ್ಡಿನ ಮಂಜು. ಹೀಗಿದ್ದರೆ ಹೀಟರಿನ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸೋರುತ್ತಿದೆ. ಅದನ್ನು ಮಾತ್ರ ಮುಂದೂಡಬೇಡಿ. ಕೂಲೆಂಟ್ ಇಳಿದರೆ ಎಂಜಿನ್ನಿಗೇ ಪೆಟ್ಟು.

ಮಳೆಗೇ ಬರುತ್ತಿದೆ ಅಂತ ಖಾತ್ರಿಯಾದರೆ ಬಾನೆಟ್ ಎತ್ತಿ. ವೈಪರ್ ಬುಡದಲ್ಲಿ ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಅದರ ಕೆಳಗೆ ನೋಡಿ. ಎದುರಿನ ಗಾಜಿನಿಂದ ಇಳಿದ ನೀರೆಲ್ಲ ಅಲ್ಲಿಗೆ ಬಂದು ಬದಿಯ ತೂತುಗಳಲ್ಲಿ ಹೊರಹೋಗುತ್ತದೆ. ಮರದ ಕೆಳಗೆ ನಿಲ್ಲಿಸುವ ಕಾರಾದರೆ ಎಲೆ ಕೊಳೆತು ತೂತು ಮುಚ್ಚಿರುತ್ತದೆ. ಆಗ ನೀರು ತುಂಬಿಕೊಂಡು, ಬ್ಲೋವರಿಗೆ ಗಾಳಿ ಹೋಗುವ ದಾರಿಯಲ್ಲಿ ನೇರ ಒಳಗೆ. ಗ್ಲವ್ ಬಾಕ್ಸ್ ಹಿಂದಿನ ಎಸಿ ಫಿಲ್ಟರ್ ಎಳೆದು ನೋಡಿ. ಅದು ನೆನೆದಿದ್ದರೆ ಬೇರೆ ಕಡೆ ಹುಡುಕಬೇಕಾಗಿಲ್ಲ.

ಮಂಗಳೂರಿನಿಂದ:
ಬೀಡಿಂಗ್ ಚೆನ್ನಾಗಿದೆಯೋ ಇಲ್ಲವೋ ಅಂತ ನೀವೇ ನೋಡಬಹುದು. ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಸುತ್ತ ಎಲ್ಲ ಕಡೆ ಬಿಗಿಯಾಗಿ ಹಿಡಿದರೆ ಸರಿ. ಒಂದೇ ಕಡೆ ಸಡಿಲ ಬಂದರೆ ಅಷ್ಟು ಜಾಗ ನೋಡಿದರೆ ಸಾಕು, ಪೂರ್ತಿ ಯಾಕೆ ಬದಲಾಯಿಸಬೇಕು?

ಆಮೇಲೆ ಪೈಪ್ ಹಿಡಿದು ಪರೀಕ್ಷೆ. ಒಳಗೆ ಚೆನ್ನಾಗಿ ಒರೆಸಿ, ಅನುಮಾನ ಇದ್ದ ಕಡೆ ಪೌಡರ್ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗಿ, ಒಂದೊಂದು ಜಾಗಕ್ಕೂ ಐದು ನಿಮಿಷ ಕೊಡಿ. ಮೊದಲೇ ಛಾವಣಿ ಮೇಲೆ ಸುರಿದರೆ ನೀರು ಎಲ್ಲ ಕಡೆ ಹರಿದು ಏನೂ ತಿಳಿಯೋದಿಲ್ಲ. ಸರ್ವಿಸ್ ಸ್ಟೇಷನ್ನಿನ ಜೋರು ಗನ್ ಬೇಡ. ಒಳ್ಳೆ ಬೀಡಿಂಗಿನಲ್ಲೂ ಅದು ನೀರು ನುಗ್ಗಿಸುತ್ತದೆ.

ಬೆಂಗಳೂರಿನಿಂದ:
ಸಾಗರದವರ ಕಾರಿಗೆ ಸಂಬಂಧ ಇಲ್ಲದಿರಬಹುದು, ಸನ್‌ರೂಫ್ ಇದ್ದವರಿಗೆ ಹೇಳುತ್ತೇನೆ. ಸನ್‌ರೂಫ್ ನೀರನ್ನು ಪೂರ್ತಿ ತಡೆಯೋದಿಲ್ಲ. ಸ್ವಲ್ಪ ನೀರು ಸುತ್ತಲಿನ ಕಾಲುವೆಗೆ ಇಳಿದೇ ಇಳಿಯುತ್ತದೆ. ಮೂಲೆಗಳಿಂದ ಪೈಪುಗಳು ಛಾವಣಿ ಹೊತ್ತ ಕಂಬಗಳೊಳಗೆ ಇಳಿದು ಅದನ್ನು ಹೊರಹಾಕುತ್ತವೆ. ನಮ್ಮ ರಸ್ತೆಯಲ್ಲಿ ಹೊಂಗೆ ಹೂ ಉದುರುವ ಕಾಲಕ್ಕೆ ಅವು ಕಟ್ಟಿಕೊಳ್ಳುತ್ತವೆ. ಸನ್‌ರೂಫ್ ತೆಗೆದು ಮೂಲೆಗೆ ಅರ್ಧ ಲೋಟ ನೀರು ಹಾಕಿ, ಕಾರಿನ ಕೆಳಗೆ ಇಳಿಯುತ್ತದಾ ನೋಡಿ. ಇಳಿಯದಿದ್ದರೆ ಮೆತ್ತನೆಯ ನೈಲಾನ್ ದಾರ ತೂರಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟರೆ ಪೈಪು ಜಾಯಿಂಟಿನಲ್ಲಿ ಕಳಚಿಕೊಳ್ಳುತ್ತದೆ, ಆಗ ಛಾವಣಿಯ ಬಟ್ಟೆಯೇ ಬಿಚ್ಚಬೇಕು.

ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಂತರೆ ಹಿಂದಿನ ಲೈಟಿನ ವಾಷರ್, ಆಂಟೆನಾ ಬುಡ ನೋಡಿ.

ಸಾಗರದವರು:
ಎಲ್ಲರಿಗೂ ಥ್ಯಾಂಕ್ಸ್. ಎಸಿ ಹನಿ ಕೆಳಗೆ ಬೀಳುತ್ತಿದೆ. ಫಿಲ್ಟರ್ ಒಣಗಿದೆ. ಕಾಗದವೂ ಬಿಗಿಯಾಗಿದೆ. ಎಡ ಬಾಗಿಲಿನ ಗಾಜಿನ ಮೇಲೆ ನೀರು ಬಿಟ್ಟಾಗ ಮಾತ್ರ ಡೋರ್ ಪ್ಯಾಡಿನ (ಬಾಗಿಲಿನ ಒಳಬದಿಯ ಹೊದಿಕೆ) ಕೆಳಗಿಂದ ಹನಿ ಬಂತು. ಹಿಂದಿನ ಮಾಲೀಕರು ಆ ಬಾಗಿಲಿಗೆ ಹೊರಗಡೆ ಅಂಗಡಿಯಲ್ಲಿ ಬೇರೆ ಸ್ಪೀಕರ್ ಹಾಕಿಸಿದ್ದಾರೆ.

ತೀರ್ಥಹಳ್ಳಿಯಿಂದ:
ಸಿಕ್ಕಿತು ಬಿಡಿ! ಗಾಜು ಇಳಿಯುವ ಸಂದಿಯಲ್ಲಿ ನೀರು ಬಾಗಿಲೊಳಗೆ ಹೋಗೋದು ಸಹಜ, ಕೆಳ ಅಂಚಿನ ತೂತುಗಳಿಂದ ಅದು ಹೊರಗೆ ಬರುತ್ತದೆ. ಒಳಗೆ ಬಾರದ ಹಾಗೆ ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸ್ಪೀಕರ್ ಹಾಕುವವರು ಅದನ್ನು ಕಿತ್ತು, ಸುಮ್ನೆ ಹಾಗೇ ಬಿಡೋದು ಜಾಸ್ತಿ. ಪ್ಯಾಡ್ ಬಿಚ್ಚಿಸಿ, ಹರಿದ ಹಾಳೆ ಬದಲಾಯಿಸಿ, ಬ್ಯುಟೈಲ್ ಟೇಪಿನಲ್ಲಿ (ಅಂಟು ರಬ್ಬರಿನ ಪಟ್ಟಿ) ಸುತ್ತ ಅಂಟಿಸಿ. ಹಾಳೆಯ ಕೆಳ ಅಂಚು ಬಾಗಿಲಿನ ತಗಡಿನ ಒಳಗೇ ಇರಲಿ, ನೀರು ಬಾಗಿಲೊಳಗೇ ಇಳಿಯಬೇಕು. ಕೆಳಗಿನ ತೂತುಗಳಲ್ಲಿ ಕಡ್ಡಿ ಆಡಿಸಿ ಮಣ್ಣು ತೆಗೆಯಿರಿ. ಸೋರುತ್ತದೆ ಅಂತ ಆ ತೂತಿಗೆ ಸಿಲಿಕಾನ್ ತುಂಬಿಸುವವರನ್ನೂ ನೋಡಿದ್ದೇನೆ. ಹಾಗೆ ಮಾಡಿದರೆ ನೀರು ನಿಂತು ಬಾಗಿಲು ಒಳಗಿಂದಲೇ ತುಕ್ಕು ಹಿಡಿಯುತ್ತದೆ.

ಮಂಗಳೂರಿನಿಂದ:
ಮ್ಯಾಟ್ ಒಣಗಿಸಿದರೆ ವಾಸನೆ ಹೋಗೋದಿಲ್ಲ. ಕಾರ್ಪೆಟ್ಟಿನ ಅಡಿಯ ಸ್ಪಂಜು ನೀರು ಹಿಡಿದುಕೊಂಡಿರುತ್ತದೆ. ಸೀಟು ಬಿಚ್ಚಿಸಿ, ಕಾರ್ಪೆಟ್ ಎತ್ತಿ, ನೀರು ಎಳೆಯುವ ವ್ಯಾಕ್ಯೂಮ್ ಹಾಕಿಸಿ. ಆಮೇಲೆ ಎರಡು ಮೂರು ದಿನ ಫ್ಯಾನ್ ಗಾಳಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿಗೆ ಸಂಬಂಧಪಟ್ಟಿದ್ದು. ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಡದೆ ಅದನ್ನು ಮುಟ್ಟಬೇಡಿ.