ಆರ್‌ಎಕ್ಸ್ 100ಗೆ 135 ಬ್ಲಾಕ್ ಹಾಕಿಸಿದ್ರೆ ಆಗುಂಬೆ ಘಾಟಿ ಆರಾಮಾಗಿ ಹತ್ತುತ್ತಾ?

ತೀರ್ಥಹಳ್ಳಿ_ಟುಸ್ಟ್ರೋಕ್:
ಎಲ್ರಿಗೂ ನಮಸ್ಕಾರ. ಚಿಕ್ಕಪ್ಪನ ಯಮಹಾ ಆರ್‌ಎಕ್ಸ್ 100 ಬೈಕು ಈಗ ನನ್ನ ಕೈಗೆ ಬಂದಿದೆ, 92ರ ಮಾಡ್ಲು, ಟ್ಯಾಂಕು ಸೈಡ್ ಪ್ಯಾನಲ್ಲು ಎಲ್ಲಾ ಒರಿಜಿನಲ್. ಒಬ್ನೇ ಶಿವಮೊಗ್ಗಕ್ಕೆ ಹೋಗಿ ಬರೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಉಡುಪಿ ಕಡೆಯಿಂದ ವಾಪಸ್ ಬರೋವಾಗ ಹಿಂದೆ ಒಬ್ರು ಕೂತಿದ್ರೆ ಆಗುಂಬೆ ಘಾಟಿ ಕೆಳಗಿನ ಸೋಮೇಶ್ವರ ದಾಟಿದ ಮೇಲೆ ಸೆಕೆಂಡ್ ಗೇರಲ್ಲಿ ಎಳೆಯೋದೇ ಇಲ್ಲ, ಫಸ್ಟಿಗೆ ಹಾಕಿದ್ರೆ ಕಿರುಚ್ಕೊಳ್ತದೆ, ಆ 14 ತಿರುವು ಮುಗಿಯೋಷ್ಟರಲ್ಲಿ ನಂಗೇ ಸುಸ್ತು. ಹೊಗೆನೂ ಜಾಸ್ತಿ. ಆಟೋ ಕಾಂಪ್ಲೆಕ್ಸಲ್ಲಿ ಒಬ್ರಿಗೆ ತೋರಿಸಿದೆ, "ಬೋರ್ ಮಾಡ್ಸೋ ಬದ್ಲು 135 ಬ್ಲಾಕ್ ಕೂರಿಸ್ಬಿಡು, ಪೋರ್ಟಿಂಗೂ ಮಾಡ್ಕೊಡ್ತೀನಿ" ಅಂದ್ರು. (ಬೋರ್ ಅಂದ್ರೆ ಸಿಲಿಂಡರ್ ಒಳಗನ್ನ ಕೊರೆದು ಅಗಲ ಮಾಡೋದು, 135 ಬ್ಲಾಕ್ ಅಂದ್ರೆ ಆರ್‌ಎಕ್ಸ್ 135ರ ಸಿಲಿಂಡರ್, ಪೋರ್ಟಿಂಗ್ ಅಂದ್ರೆ ಸಿಲಿಂಡರಿನ ಗ್ಯಾಸ್ ಹೋಗೋ ದಾರಿಗಳನ್ನ ಕೊರೆದು ಬದಲಾಯಿಸೋದು.) ಮಾಡಿಸ್ಲಾ? ಗೊತ್ತಿದ್ದೋರು ಹೇಳಿ.

ಲೇತ್_ಪಕ್ಕದ್ಮನೆ:
ಲೆಕ್ಕ ನೋಡಿ. 100ರದ್ದು ಬೋರು (ಸಿಲಿಂಡರ್ ಅಗಲ) 50, ಸ್ಟ್ರೋಕು (ಪಿಸ್ಟನ್ ಓಡೋ ಉದ್ದ) 50 ಎಂಎಂ, ಅಲ್ಲಿಗೆ 98 ಸಿಸಿ. 135ರದ್ದು ಸ್ಟ್ರೋಕ್ ಅದೇ 50, ಬೋರ್ ಮಾತ್ರ 58, ಅದಕ್ಕೇ 132 ಸಿಸಿ ಆಗೋದು. ಹಳೇ ಬ್ಲಾಕನ್ನೇ 1 ಎಂಎಂ ಓವರ್‌ಸೈಜಿಗೆ ಬೋರ್ ಮಾಡಿದ್ರೆ ಬರೋದು ಬರೀ 102, ಅದ್ರಲ್ಲಿ ಪಿಕಪ್ ಹುಡುಕೋದು ದಂಡ. ಹಂಗಾಗಿ ಸಿಸಿ ಬೇಕೇ ಬೇಕು ಅಂದ್ರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ತಪ್ಪಲ್ಲ.
ಆದ್ರೆ ಬ್ಲಾಕ್ ಬಿಚ್ಚಿ ಬ್ಲಾಕ್ ಕೂರ್ಸೋ ಕೆಲ್ಸ ಅಲ್ಲ ಇದು. 58ರ ಸ್ಲೀವ್ (ಬ್ಲಾಕ್ ಒಳಗಿನ ಕೊಳವೆ) ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಗಿನ ಗೂಡು) ಬಾಯೊಳಗೆ ಇಳಿಯಲ್ಲ, ಬಾಯಿನ ಬೋರ್ ಮಾಡಿ ಅಗಲ ಮಾಡ್ಬೇಕು, ಅದಕ್ಕೆ ಇಂಜಿನ್ ಪೂರ್ತಿ ಬಿಚ್ಚಿ ಎರಡು ಹೋಳು ಮಾಡ್ಲೇಬೇಕು. ಬಿಚ್ದೇ ಹಂಗೇ ಗ್ರೈಂಡರ್ ಹಿಡಿತೀನಿ ಅಂತ ಯಾರಾದ್ರೂ ಅಂದ್ರೆ ಗಾಡಿ ತಳ್ಕೊಂಡು ವಾಪಸ್ ಬನ್ನಿ, ಅಲ್ಯೂಮಿನಿಯಂ ಪುಡಿ ಬೇರಿಂಗಿಗೆ ಹೋದ್ರೆ ಕಥೆ ಮುಗೀತು. ಹೆಡ್ಡೂ 135ರದ್ದೇ ಬೇಕು, 50ರ ಹೆಡ್ ಅದ್ರ ಮೇಲೆ ಕೂರಲ್ಲ. ಪಿಸ್ಟನ್ ತೂಕ ಜಾಸ್ತಿ ಆಗೋದ್ರಿಂದ ಕ್ರ್ಯಾಂಕ್ ಬ್ಯಾಲೆನ್ಸ್ ಸ್ವಲ್ಪ ಆಚೀಚೆ ಆಗಿ ವೈಬ್ರೇಶನ್ ಬರ್ತದೆ. ಹೆಂಗೂ ಬಿಚ್ಚಿರ್ತಾರೆ, ಬೇರಿಂಗು ಆಯಿಲ್ ಸೀಲು ಕನೆಕ್ಟಿಂಗ್ ರಾಡ್ ಕಿಟ್ಟು ಅಲ್ಲೇ ಮುಗಿಸ್ಕೊಳ್ಳಿ. ಕಾರ್ಬೊರೇಟರಲ್ಲಿ ಪೆಟ್ರೋಲ್ ಬಿಡೋ ಮೇನ್ ಜೆಟ್ ದೊಡ್ಡದು ಹಾಕಿಸಿ.

ಸಾಗರ_ಸವಾರ:
ಎಂತ ಮಾರಾಯ್ರೆ, ಎಲ್ರೂ ಸೀದಾ ಆಪರೇಷನ್ನಿಗೇ ಹೋಗ್ತೀರಲ್ಲ. ಸರಿ ಇರೋ 100 ಅಂದ್ರೆ 11 ಎಚ್‌ಪಿ, ಇಬ್ರನ್ನ ಕೂರಿಸ್ಕೊಂಡು ಆಗುಂಬೆ ಹತ್ತೋಕೆ ಧಾರಾಳ ಸಾಕು. ಹತ್ತಲ್ಲ ಅಂದ್ರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಸೈಲೆನ್ಸರ್ ಒಳಗಿನ ಬ್ಯಾಫಲ್ (ತೂತಿರೋ ಕೊಳವೆ) ತೆಗ್ದು ನೋಡಿ, ಕಾರ್ಬನ್ ಕಟ್ಟಿದ್ರೆ ಗಾಡಿ ಉಸಿರೇ ಬಿಡಲ್ಲ. ಕ್ಲೀನ್ ಮಾಡಿ ವಾಪಸ್ ಹಾಕಿ, ಸೌಂಡ್ ಬರ್ತದೆ ಅಂತ ತೆಗ್ದು ಎಸಿಯೋ ಹುಡುಗ್ರು ಕೆಳಗಿನ ಎಳೆತ ಕಳ್ಕೊಂಡು ಆಮೇಲೆ ಇಂಜಿನ್ ಬೈತಾರೆ. ಗಾಳಿ-ಪೆಟ್ರೋಲು ಒಳಗೆ ಬಿಡೋ ರೀಡ್ ವಾಲ್ವ್ ಪಟ್ಟಿ ಸೀಳಿದ್ಯಾ ನೋಡಿ. ಹೊಗೆ ಜಾಸ್ತಿ ಅಂದ್ರಲ್ಲ, ಕ್ಲಚ್ ಸೈಡ್ ಸೀಲ್ ಹೋದ್ರೆ ಗೇರ್ ಆಯಿಲ್ ಎಳ್ಕೊಂಡು ಸುಡ್ತದೆ, ಮ್ಯಾಗ್ನೆಟ್ ಸೈಡ್ ಸೀಲ್ ಹೋದ್ರೆ ಗಾಳಿ ಎಳ್ಕೊಂಡು ಲೀನ್ (ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ) ಆಗ್ತದೆ, ಎರಡನೇದೇ ಅಪಾಯ. ಇಷ್ಟಾದ್ಮೇಲೂ ಸಾಲ್ದು ಅಂದ್ರೆ ಮುಂದಿನ ಸ್ಪ್ರಾಕೆಟ್ಟು ಒಂದು ಹಲ್ಲು ಕಮ್ಮಿದು ಹಾಕಿ, ಟಾಪ್ ಸ್ಪೀಡ್ ಸ್ವಲ್ಪ ಹೋಗ್ತದೆ ಹೋಗ್ಲಿ ಬಿಡಿ, ನಮ್ಮ ರೋಡಲ್ಲಿ ಯಾರಿಗೆ ಬೇಕು.
ಪೋರ್ಟಿಂಗ್ ಮಾತ್ರ ಬೇಡವೇ ಬೇಡ. ಎಕ್ಸಾಸ್ಟ್ ಪೋರ್ಟ್ ಮೇಲಕ್ಕೆ ಎತ್ತಿದ್ರೆ ಪವರ್ರೂ ಮೇಲಿನ ಆರ್‌ಪಿಎಂಗೇ ಹೋಗ್ತದೆ, ನಿಮಗೆ ಬೇಕಿರೋದು ಕೆಳಗೆ.

ಕೊಪ್ಪ_ಕಾಫಿ:
ಹತ್ತೋದು ಒಂದು ಕಡೆ ಇರ್ಲಿ, ಇಳಿಯೋದ್ರ ಬಗ್ಗೆ ಯಾರೂ ಮಾತಾಡ್ತಿಲ್ಲ. ಟು ಸ್ಟ್ರೋಕಿಗೆ ಆಯಿಲ್ ಸರಿಯಾಗಿ ಸಿಗೋದು ಆಕ್ಸಿಲರೇಟರ್ ಕೊಟ್ಟಾಗ. ಆಗುಂಬೆಯಿಂದ ಕೆಳಗೆ ಗೇರಲ್ಲೇ ಬಿಟ್ಕೊಂಡು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿದ್ರೆ ಆರ್‌ಪಿಎಂ ಮೇಲಿರ್ತದೆ, ಆಯಿಲ್ ಮಾತ್ರ ಸಾಕಷ್ಟು ಬರಲ್ಲ, ಹೊಸ ಬಿಗಿ ಪಿಸ್ಟನ್ ಇದ್ರೆ ಅಲ್ಲೇ ಜಾಮ್. ಆಗಾಗ ಕ್ಲಚ್ ಹಿಡ್ದು ಒಂದೊಂದ್ಸಲ ರೇಸ್ ಕೊಡ್ತಾ ಇಳೀರಿ. ಈ ಗಾಡಿಗೆ ಇಂಜಿನ್ ಬ್ರೇಕಿಂಗೂ ಅಷ್ಟಕ್ಕಷ್ಟೇ, ಮುಂದೆ ಇರೋದು 130 ಎಂಎಂ ಡ್ರಮ್ಮು, ಮಳೆಗಾಲದಲ್ಲಿ ನೀರು ಹೋದ್ರೆ ಹಿಡಿಯೋದೇ ಇಲ್ಲ. 132 ಸಿಸಿ ಮಾಡೋ ದುಡ್ಡಲ್ಲಿ ಮೊದ್ಲು ಬ್ರೇಕ್ ಶೂ, ಡ್ರಮ್ಮು, ಟೈರು ನೋಡ್ಕೊಳ್ಳಿ.
ಮತ್ತೆ ಈಗಿನ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲು ಇಂಜಿನ್ನನ್ನ ಇನ್ನೂ ಲೀನ್ ಮಾಡ್ತದೆ, ಹಳೇ ಜೆಟ್ಟಲ್ಲೇ ಓಡಿಸ್ಬೇಡಿ. ಎಥನಾಲು ನೀರು ಹೀರ್ಕೊಳ್ತದೆ, ಆಷಾಢದಲ್ಲಿ ವಾರಗಟ್ಲೆ ನಿಲ್ಸೋದಿದ್ರೆ ಕಾರ್ಬೊರೇಟರ್ ಖಾಲಿ ಮಾಡಿ. ಪ್ಲಗ್ ಬಿಚ್ಚಿದ್ರೆ ಬಿಸ್ಕೆಟ್ ಕಲರ್ ಇರ್ಬೇಕು, ಬೆಳ್ಳಗಿದ್ರೆ ಲೀನ್ ಆಗಿದೆ ಅಂತ, ಗಾಡಿ ನಿಲ್ಸಿ.

ಮಲ್ನಾಡ್_ಗೇರ್:
ಇನ್ಶೂರೆನ್ಸ್ ಬಗ್ಗೆ ತಲೆ ಕೆಡಿಸ್ಕೊಬೇಡಿ, ಥರ್ಡ್ ಪಾರ್ಟಿ ಪ್ರೀಮಿಯಂ 75ರಿಂದ 150 ಸಿಸಿ ತನಕ ಒಂದೇ. ಇಂಜಿನ್ ನಂಬರ್ ಇರೋದು ಕ್ರ್ಯಾಂಕ್‌ಕೇಸಲ್ಲಿ, ಬ್ಲಾಕಲ್ಲಲ್ಲ. ಯಾರ್ ನೋಡ್ತಾರೆ ಹೋಗ್ಲಿ.

ಸಾಗರ_ಸವಾರ:
ಪ್ರೀಮಿಯಂ ಒಂದೇ ಆದ್ರೆ ಆಗ್ಲಿಲ್ಲ ಗುರುವೇ, ಆರ್‌ಸಿಲಿ 98 ಅಂತ ಬರ್ದಿದೆ ಅಲ್ವಾ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರೋ ಹಂಗೆ ಬದಲಾಯಿಸೋ ಹಾಗಿಲ್ಲ, 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೆ 5000 ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಎರಡೂ ಹಾಕ್ಬಹುದು. 15 ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೆ ರಿನ್ಯೂವಲ್ಲಿಗೆ ಆರ್‌ಟಿಓ ಮುಂದೆ ನಿಲ್ಲಿಸ್ಲೇಬೇಕು. ಆಕ್ಸಿಡೆಂಟ್ ಏನಾದ್ರೂ ಆದ್ರೆ ಕ್ಲೇಮಿಗೆ ಅದನ್ನೇ ಹಿಡ್ಕೊಂಡು ಎಳೀತಾರೆ.

ತೀರ್ಥಹಳ್ಳಿ_ಟುಸ್ಟ್ರೋಕ್:
ಥ್ಯಾಂಕ್ಸ್ ಎಲ್ರಿಗೂ. ಬ್ಯಾಫಲ್ ಇವತ್ತೇ ಬಿಚ್ಚಿದೆ, ತೂತೇ ಕಾಣ್ದಂಗೆ ಕಟ್ಕೊಂಡಿದೆ. ಅದನ್ನ ಸುಟ್ಟು ಕ್ಲೀನ್ ಮಾಡಿ, ಎರಡೂ ಸೀಲ್ ಹಾಕಿಸಿ, ಒಂದ್ಸಲ ಘಾಟಿ ಹತ್ತಿಸಿ ನೋಡ್ತೀನಿ, 135 ಆಮೇಲೆ. ಕಂಪ್ರೆಷನ್ ಚೆಕ್ ಮಾಡೋ ಗೇಜು ಶಿವಮೊಗ್ಗದಲ್ಲಿ ಯಾರ ಹತ್ರ ಇದೆ?

ಲೇತ್_ಪಕ್ಕದ್ಮನೆ:
ನನ್ನ ಹತ್ರ ಇದೆ, ಮೆಸೇಜ್ ಮಾಡಿ. ಇಂಜಿನ್ ಬಿಸಿ ಇರೋವಾಗ್ಲೇ ಚೆಕ್ ಮಾಡ್ಬೇಕು, ಓಡಿಸ್ಕೊಂಡೇ ಬನ್ನಿ, ಆಟೋದಲ್ಲಿ ಹಾಕ್ಕೊಂಡು ಬರ್ಬೇಡಿ.

ಮಲ್ನಾಡ್_ಗೇರ್:
ಹಳೇ ಬ್ಲಾಕ್ ಕೊಡೋದಾದ್ರೆ ಹೇಳಿ ಬ್ರೋ.

ತೀರ್ಥಹಳ್ಳಿ_ಟುಸ್ಟ್ರೋಕ್:
ಕೊಡಲ್ಲ 😄