ಹೋಂಡಾ ಎಸ್660 ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಇಟ್ಟುಕೊಂಡವರು ಹೇಳಿ

ಮೈಸೂರಿಗ_ನಗೋಯಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ನಗೋಯಾದಲ್ಲಿ ಕೆಲಸದಲ್ಲಿದ್ದೇನೆ. ಊರಿನ ಲೈಸೆನ್ಸ್ ತೋರಿಸಿ ಇಲ್ಲಿನ ಲೈಸೆನ್ಸ್ ಮಾಡಿಸಿಕೊಂಡಾಯಿತು. ಆಟೊಮ್ಯಾಟಿಕ್‌ಗೆ ಮಾತ್ರ ಅನ್ನೋ ಷರತ್ತಿಲ್ಲ, ಗೇರ್ ಗಾಡಿಯನ್ನೂ ಓಡಿಸಬಹುದು. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಬಹಳ ದಿನದಿಂದ ಹೋಂಡಾ ಎಸ್660 ಮೇಲೆ ಕಣ್ಣಿದೆ. ಎರಡೇ ಸೀಟು, ಎಂಜಿನ್ ಬೆನ್ನ ಹಿಂದೆ. ಜಪಾನಿ ರಿವ್ಯೂಗಳನ್ನು ಓದಿದೆ, ಆದರೆ ನಮ್ಮ ಹಾಗೆ ಅಕ್ಕಿ ಮೂಟೆ ಹೊತ್ತು ತರುವವರ ಅನುಭವ ಬೇಕು. ಮ್ಯಾನುಯಲ್ ಒಳ್ಳೆಯದಾ, ಸಿವಿಟಿನಾ (ಕ್ಲಚ್ ಇಲ್ಲದ ಆಟೊಮ್ಯಾಟಿಕ್)? ನನ್ನ ಎತ್ತರ 5 ಅಡಿ 10 ಇಂಚು. ದಿನಾ ಓಡಿಸೋಕೆ ಆಗುತ್ತಾ?

ಹಾಸನದವ_ಯೊಕ್ಕಾಯಿಚಿ:

ನಮಸ್ಕಾರ ಸರ್. ನನ್ನದು 2016ರ ಗಾಡಿ, ಆರು ಗೇರಿನ ಮ್ಯಾನುಯಲ್, ಹಳದಿ ಬಣ್ಣ. ನಾನಿರುವ ಯೊಕ್ಕಾಯಿಚಿಯಲ್ಲೇ ಯಾಚಿಯೋ ಕಾರ್ಖಾನೆಯಲ್ಲಿ ಈ ಕಾರು ತಯಾರಾಗುತ್ತಿತ್ತು. 2015ರಲ್ಲಿ ಶುರುವಾಗಿ 2022ರ ಮಾರ್ಚ್‌ಗೆ ನಿಂತಿತು.

ವೇಗದ ಮಾತು ಮೊದಲೇ ಮುಗಿಸಿಬಿಡ್ತೀನಿ. ಇದು ವೇಗದ ಕಾರಲ್ಲ. 658 ಸಿಸಿ ಟರ್ಬೊ ಎಂಜಿನ್, 64 ಪಿಎಸ್ (ಅಶ್ವಶಕ್ತಿ), ಅಷ್ಟೇ. ಇಲ್ಲಿ ಕೇ ಕಾರು ಅನ್ನೋ ಪುಟ್ಟ ಕಾರುಗಳ ವರ್ಗ ಇದೆ, ಅದಕ್ಕೆ 660 ಸಿಸಿ ದಾಟುವಂತಿಲ್ಲ, ಉದ್ದ 3.4 ಮೀಟರ್ ಮೀರುವಂತಿಲ್ಲ. 64 ಪಿಎಸ್ ಅನ್ನುವುದು ಕಂಪನಿಗಳು ತಾವೇ ಒಪ್ಪಿಕೊಂಡು ಬಂದ ಮಿತಿ. 140 ಕಿ.ಮೀ. ಮುಟ್ಟಿದರೆ ಗಾಡಿಯೇ ತಡೆಯುತ್ತದೆ. ಇಸೆವಾನ್‌ಗಾನ್ ಎಕ್ಸ್‌ಪ್ರೆಸ್‌ವೇಗೆ ಸೇರುವಾಗ ಮೂರನೇ ಗೇರಿನಲ್ಲಿ ಚೆನ್ನಾಗಿ ಎಳೆಯಲೇಬೇಕು. ಲಾರಿಗಳ ಮಧ್ಯೆ ಹೋಗುವಾಗ ಅವುಗಳ ಚಕ್ರ ನಿಮ್ಮ ಕಿವಿಯ ಮಟ್ಟಕ್ಕಿರುತ್ತದೆ.

ಆದರೂ ನಾನು ಈ ಕಾರನ್ನು ಮಾರುವುದಿಲ್ಲ. ಯಾಕೆ ಅಂದರೆ, ಇದರಲ್ಲಿ ಇರುವುದೆಲ್ಲವನ್ನೂ ಮಾಮೂಲಿ ರಸ್ತೆಯಲ್ಲೇ ಬಳಸಬಹುದು. ದೊಡ್ಡ ಸ್ಪೋರ್ಟ್ಸ್ ಕಾರಿನಲ್ಲಿ ಎರಡನೇ ಗೇರ್ ಪೂರ್ತಿ ಎಳೆಯುವಷ್ಟರಲ್ಲೇ ವೇಗದ ಮಿತಿ ದಾಟಿರುತ್ತೀರಿ. ಇದರಲ್ಲಿ ಸೂಜಿ 7,000 ಆರ್‌ಪಿಎಂ ದಾಟುವವರೆಗೂ ಎಳೆದು ಗೇರ್ ಹಾಕಬಹುದು, ಮತ್ತೆ ಎಳೆಯಬಹುದು. ಗೇರ್ ಲಿವರ್ ಓಡಾಡುವುದು ಮಣಿಕಟ್ಟು ಆಡಿಸಿದಷ್ಟೇ ದೂರ. ಎಂಜಿನ್ ಸೀಟಿನ ಹಿಂದೆ, ಹಿಂದಿನ ಚಕ್ರಗಳ ಮುಂದೆ ಇದೆ. ತೂಕ ಮುಂದೆ 45, ಹಿಂದೆ 55 ಭಾಗ. ಹಾಗಾಗಿ ಸ್ಟೀರಿಂಗ್ ತುಂಬಾ ಹಗುರ, ತಿರುಗಿಸಿದ ಕೂಡಲೇ ಮೂತಿ ಆ ಕಡೆ ಹೋಗಿರುತ್ತದೆ. ಯುನೊಯಾಮಾ ಬಿಸಿನೀರ ಬುಗ್ಗೆಯ ಕಡೆಯಿಂದ ಸುಜುಕಾ ಸ್ಕೈಲೈನ್ ಅನ್ನೋ ಘಟ್ಟದ ರಸ್ತೆ ಹತ್ತಿ ಬುಹೇ ಕಣಿವೆಯವರೆಗೆ ಒಮ್ಮೆ ಹೋಗಿ ಬನ್ನಿ. 40 ಕಿ.ಮೀ. ವೇಗದಲ್ಲೇ ನಿಮಗೆ ಗೊತ್ತಾಗುತ್ತದೆ. ಬೆನ್ನ ಹಿಂದಿನ ಪುಟ್ಟ ಗಾಜನ್ನು ಗುಂಡಿ ಒತ್ತಿ ಇಳಿಸಬಹುದು. ಇಳಿಸಿದರೆ ಟರ್ಬೊ ಗಾಳಿ ಎಳೆಯುವ ಸದ್ದು ನೇರ ಕಿವಿಗೆ ಬರುತ್ತದೆ. ನನಗಂತೂ ಕಾರಿನ ಟಾಪ್ (ಮೇಲ್ಛಾವಣಿ) ತೆಗೆಯುವುದಕ್ಕಿಂತ ಅದೇ ಇಷ್ಟ.

ಹೋಂಡಾದ ಸಂಶೋಧನಾ ವಿಭಾಗಕ್ಕೆ ಐವತ್ತು ವರ್ಷ ತುಂಬಿದಾಗ ನೌಕರರಿಂದ ಹೊಸ ಕಾರಿನ ಐಡಿಯಾ ಕೇಳಿದ್ದರು. ಅದರಲ್ಲಿ ಗೆದ್ದ ರಿಯೊ ಮುಕುಮೊಟೊ ಅವರನ್ನೇ ಈ ಕಾರಿನ ಮುಖ್ಯಸ್ಥರನ್ನಾಗಿ ಮಾಡಿದರು. ಆಗ ಅವರಿಗೆ ಇನ್ನೂ ಇಪ್ಪತ್ತರ ಆಸುಪಾಸು. ಡಿಕ್ಕಿ ಇಲ್ಲದಿದ್ದರೂ ಪರವಾಗಿಲ್ಲ ಅಂತ ಒಂದು ದೊಡ್ಡ ಕಂಪನಿ ಒಪ್ಪಿತಲ್ಲ, ಅದಕ್ಕೆ ನನಗೆ ತುಂಬಾ ಗೌರವ.

ಹೌದು, ಡಿಕ್ಕಿ ಇಲ್ಲ. ಹಿಂದೆ ತೆರೆದರೆ ಎಂಜಿನ್. ಮುಂದಿನ ಬಾನೆಟ್ ಕೆಳಗೆ ಒಂದು ಪೆಟ್ಟಿಗೆ ಇದೆ, ಆದರೆ ಅದು ಬಿಚ್ಚಿದ ಟಾಪ್ ಇಡುವುದಕ್ಕೆ. ಟಾಪ್ ಬಟ್ಟೆಯದು, ಗುಂಡಿ ಒತ್ತಿದರೆ ತೆರೆಯುವುದಿಲ್ಲ. ಒಳಗಿನ ಹಿಡಿಗಳನ್ನು ಬಿಡಿಸಿ, ಹೊರಗೆ ನಿಂತು ಚಾಪೆ ಸುತ್ತಿದ ಹಾಗೆ ಸುತ್ತಿ, ಆ ಪೆಟ್ಟಿಗೆಯಲ್ಲಿ ಇಡಬೇಕು. ಇಟ್ಟ ಮೇಲೆ ಅಲ್ಲಿ ಬೇರೇನೂ ಹಿಡಿಯುವುದಿಲ್ಲ. ಮಳೆ ಬಂದರೆ ಗಾಡಿ ನಿಲ್ಲಿಸಿ ಇಳಿಯಲೇಬೇಕು. ಇನ್ನು ಅಕ್ಕಿ ಮೂಟೆ. 10 ಕೆ.ಜಿ. ಚೀಲ ಪಕ್ಕದ ಸೀಟಿನಲ್ಲಿ ಕೂರುತ್ತದೆ. ಬೆಲ್ಟ್ ಹಾಕದಿದ್ದರೆ ಅಲಾರಂ ಬಡಿದುಕೊಳ್ಳುತ್ತದೆ, ಹಾಕಿಬಿಡಿ. ಅಂದರೆ ಮನೆಯವರೂ ಅಕ್ಕಿಯೂ ಒಟ್ಟಿಗೆ ಬರುವುದು ಕಷ್ಟ. ಇಬ್ಬರೇ ಒಂದು ರಾತ್ರಿಯ ಪ್ರವಾಸಕ್ಕೆ ಹೋಗುವುದಾದರೆ ಕಾಲ ಬಳಿ ಒಂದು ಮೆತ್ತನೆ ಬ್ಯಾಗ್ ಸಾಕು, ಗಟ್ಟಿ ಸೂಟ್‌ಕೇಸ್ ಆಗೋದೇ ಇಲ್ಲ. ಇದೊಂದೇ ಕಾರು ಇಟ್ಟುಕೊಳ್ಳುವ ಹಾಗಿದ್ದರೆ ನನ್ನ ಉತ್ತರ ಬೇಡ ಅಂತ. ನಮ್ಮ ಮನೆಯಲ್ಲಿ ಸಾಮಾನಿಗೆ ಬೇರೆ ಗಾಡಿ ಇದೆ.

ಖರ್ಚು ಕಡಿಮೆ. ವರ್ಷದ ತೆರಿಗೆ 10,800 ಯೆನ್. ಎರಡು ವರ್ಷಕ್ಕೊಮ್ಮೆ ಶಾಕೆನ್ ಅನ್ನೋ ಕಡ್ಡಾಯ ತಪಾಸಣೆಯಲ್ಲಿ ತೂಕದ ತೆರಿಗೆ 6,600 ಯೆನ್, ವಿಮೆ ಬೇರೆ. ಎಂಜಿನ್ ಹೋಂಡಾದ್ದೇ ಕೇ ಕಾರಾದ ಎನ್-ಬಾಕ್ಸ್‌ನ ಮೊದಲ ತಲೆಮಾರಿನ ಎಂಜಿನ್ನಿನ ಕುಟುಂಬದ್ದೇ, ಹಾಗಾಗಿ ಸರ್ವಿಸ್ ಮಾಡುವವರಿಗೆ ಹೊಸದಲ್ಲ. ಟ್ಯಾಂಕ್ 25 ಲೀಟರ್ ಮಾತ್ರ. ಟೈರ್ ಒಂದೇ ದುಬಾರಿ. ಮುಂದೆ 15 ಇಂಚು, ಹಿಂದೆ 16 ಇಂಚು, ಅಗಲವೂ ಬೇರೆ. ಮುಂದಿನದನ್ನು ಹಿಂದಕ್ಕೆ ಹಾಕಿ ದಿನ ದೂಡುವ ಹಾಗಿಲ್ಲ.

ಕೊಳ್ಳುವಾಗ ಗಾಡಿಯ ಅಡಿ ನೋಡದೆ ಮುಂಗಡ ಕೊಡಬೇಡಿ. ಹಿಮದ ಊರುಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಅಲ್ಲಿ ಓಡಿದ ಗಾಡಿಗೆ ಅಡಿಯಲ್ಲಿ ತುಕ್ಕು ಹಿಡಿದಿರುತ್ತದೆ. ಟಾಪ್‌ನ ಸುತ್ತಲಿನ ರಬ್ಬರ್ ಒತ್ತಿ ನೋಡಿ. ಸೈಲೆನ್ಸರ್, ಸ್ಪ್ರಿಂಗ್ ಬದಲಾಯಿಸಿದ್ದರೆ ಮೂಲ ಸಾಮಾನು ಜೊತೆಗೆ ಕೊಡುತ್ತಾರಾ ಕೇಳಿ. ನನಗೆ ಒಂದು ಕಡೆ ಹೊಳೆಯುವ ಹಾಗೆ ಪಾಲಿಶ್ ಮಾಡಿದ ಗಾಡಿ ತೋರಿಸಿದರು. ಸರ್ವಿಸ್ ಪುಸ್ತಕ ಕೇಳಿದರೆ ಮಾತು ತೇಲಿಸಿದರು. ಎದ್ದು ಬಂದೆ.

ಕರಾವಳಿಯವಳು_ಯೊಕೊಹಾಮಾ:

ನಾನು ಸಿವಿಟಿ ಓಡಿಸುತ್ತೇನೆ, ಆ ಕಡೆಯ ಮಾತೂ ಇರಲಿ. ಟೋಕಿಯೊ, ಯೊಕೊಹಾಮಾ ಟ್ರಾಫಿಕ್‌ನಲ್ಲಿ ದಿನಾ ಕ್ಲಚ್ ಒತ್ತಲು ನನಗೆ ಬೇಡವಾಗಿತ್ತು. ಸ್ಪೋರ್ಟ್ ಗುಂಡಿ ಒತ್ತಿದರೆ ಚುರುಕಾಗುತ್ತದೆ, ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಏಳು ಹಂತ ಬದಲಾಯಿಸಬಹುದು. ಕಾರಿನ ತಿರುವಿನ ಸುಖಕ್ಕೆ ಇದರಿಂದ ಏನೂ ಕಡಿಮೆ ಆಗಿಲ್ಲ.

ಎತ್ತರದ ಬಗ್ಗೆ: ನಮ್ಮ ಯಜಮಾನರು 6 ಅಡಿ. ಕೂರುತ್ತಾರೆ, ಆದರೆ ಸೀಟು ಹಿಂದಕ್ಕೆ ಹೆಚ್ಚು ಒರಗುವುದಿಲ್ಲ, ಹಿಂದೆ ಗೋಡೆ. ಒಂದು ಗಂಟೆ ಆದ ಮೇಲೆ ಇಳಿದು ಬೆನ್ನು ನೇರ ಮಾಡಿಕೊಳ್ಳುತ್ತಾರೆ. 5 ಅಡಿ 10 ಇಂಚಿಗೆ ತೊಂದರೆ ಆಗಲ್ಲ ಅನ್ಸುತ್ತೆ, ಆದರೆ ಟಾಪ್ ಹಾಕಿಸಿಯೇ ಕೂತು ನೋಡಿ. ಓರೆಯಾಗಿ ಹಿಂದೆ ನೋಡಿದರೆ ಏನೂ ಕಾಣುವುದಿಲ್ಲ, ಲೇನ್ ಬದಲಾಯಿಸುವಾಗ ಜಾಸ್ತಿ ಎಚ್ಚರ ಬೇಕು. ಚಳಿಗಾಲದಲ್ಲಿ ಟಾಪ್ ತೆಗೆದು ಹೊಟ್ಟೆಯ ಕಡೆ ಹೀಟರ್ ಗಾಳಿ ಬಿಟ್ಟುಕೊಂಡು ಹೋಗಿ. ಬೇಸಿಗೆಗಿಂತ ಅದೇ ಚೆಂದ.

ಮೈಸೂರಿಗ_ನಗೋಯಾ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಾಮಾನಿಗೆ ಬೇರೆ ಹಳೇ ಕೇ ಕಾರು ಹೇಗೂ ಇದೆ, ಹಾಗಾಗಿ ಮ್ಯಾನುಯಲ್ ಕಡೆ ಮನಸ್ಸು ವಾಲಿದೆ. ಇನ್ನೊಂದು ಪ್ರಶ್ನೆ. ನಾಲ್ಕೈದು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಹೋಗುತ್ತೇವೆ. ಸ್ಟೀರಿಂಗ್ ಬಲಕ್ಕೇ ಇದೆಯಲ್ಲ, ಆಗ ಜೊತೆಗೆ ತಗೊಂಡು ಹೋಗಬಹುದಾ?

ಹಾಸನದವ_ಯೊಕ್ಕಾಯಿಚಿ:

ಆಗಲ್ಲ ಸರ್, ಆ ಆಸೆ ಇಟ್ಟುಕೊಂಡು ಕೊಳ್ಳಬೇಡಿ. ಭಾರತಕ್ಕೆ ಹಳೇ ಕಾರು ತರುವುದಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು ಅನ್ನುವ ನಿಯಮ ಇದೆ. ಎಸ್660 ನಿಂತಿದ್ದೇ 2022ರಲ್ಲಿ, ಅವಧಿ ಮುಗಿದುಹೋಗಿದೆ. ಅಲ್ಲದೆ ನೆಲದಿಂದ 125 ಮಿ.ಮೀ. ಮಾತ್ರ ಎತ್ತರ. ನಮ್ಮ ಊರಿನ ಹಂಪ್ ಮೇಲೆ ಇದರ ಹೊಟ್ಟೆ ಉಜ್ಜುವುದನ್ನು ನೆನೆಸಿಕೊಂಡರೇ ನನಗೆ ಸಂಕಟ ಆಗುತ್ತದೆ. ಹೋಗುವಾಗ ಇಲ್ಲೇ ಮಾರಿ. ತಯಾರಿ ನಿಲ್ಲುತ್ತದೆ ಅಂತ ಗೊತ್ತಾದ ಮೇಲೆ ಇದರ ಸೆಕೆಂಡ್ ಹ್ಯಾಂಡ್ ಬೆಲೆ ಏರಿತು. ಚೆನ್ನಾಗಿ ಇಟ್ಟುಕೊಂಡ ಮ್ಯಾನುಯಲ್ ಗಾಡಿಯನ್ನು ಕೇಳುವವರು ಇದ್ದೇ ಇರುತ್ತಾರೆ.

ಕೊಳ್ಳುವ ಮೊದಲು ನನ್ನದನ್ನು ಓಡಿಸಿ ನೋಡಿ. ನಗೋಯಾದಿಂದ ಕಿಂತೆತ್ಸು ರೈಲಿನಲ್ಲಿ ಯೊಕ್ಕಾಯಿಚಿಗೆ ಬನ್ನಿ. ನನ್ನ ವಿಮೆ ನನಗೂ ಮನೆಯವರಿಗೂ ಮಾತ್ರ ಇದೆ, ಹಾಗಾಗಿ ನಿಮ್ಮ ಹೆಸರಲ್ಲಿ ಒಂದು ದಿನದ ವಿಮೆ ಮಾಡಿಸಿಕೊಳ್ಳಿ, ಫೋನಿನಲ್ಲೇ ಆಗುತ್ತದೆ. ಚಳಿಗಾಲದಲ್ಲಿ ಸುಜುಕಾ ಸ್ಕೈಲೈನ್ ಮುಚ್ಚಿರುತ್ತದೆ, ಏಪ್ರಿಲ್ ಆದ ಮೇಲೆ ಬನ್ನಿ. ಮನೆಯವರನ್ನೂ ಕರೆದುಕೊಂಡು ಬನ್ನಿ, ಪಕ್ಕದ ಸೀಟಿನಲ್ಲಿ ಕೂತು ಅವರೂ ಒಪ್ಪಬೇಕು ಅಲ್ವಾ.