ಸಮಾನ ಕೂಲಿ ತೀರ್ಪು ಬಂದ ಮೇಲೂ ಗುರಿಂಜಿ ಜನ ಯಾಕೆ ಕೆಲಸ ಬಿಟ್ಟು ನಡೆದರು?

ಕೆಂಪುಮಣ್ಣು:
ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ಒಂದು ತಿಂಗಳಿಂದ ಓದುತ್ತಿದ್ದೇನೆ. ಒಂದು ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ. ನಾರ್ದರ್ನ್ ಟೆರಿಟರಿಯ ಸ್ಟೇಷನ್‌ಗಳಲ್ಲಿ, ಅಂದರೆ ಸಾವಿರಾರು ದನ ಮೇಯುವ ಆ ದೊಡ್ಡ ದೊಡ್ಡ ಜಮೀನುಗಳಲ್ಲಿ, ದುಡಿಯುವ ಮೂಲನಿವಾಸಿಗಳಿಗೂ ಬಿಳಿಯರಷ್ಟೇ ಕೂಲಿ ಕೊಡಬೇಕು ಅಂತ 1966ರ ಮಾರ್ಚ್‌ನಲ್ಲೇ ತೀರ್ಪು ಬಂದಿತ್ತು. ಆದರೆ ವೇವ್ ಹಿಲ್ ಸ್ಟೇಷನ್‌ನ ಗುರಿಂಜಿ ಜನ ಕೆಲಸ ಬಿಟ್ಟು ಹೊರಟಿದ್ದು ಅದೇ ವರ್ಷ ಆಗಸ್ಟ್ 23ಕ್ಕೆ. ಗೆದ್ದ ಐದೇ ತಿಂಗಳಿಗೆ ಮುಷ್ಕರ ಯಾಕೆ? ನಾನೇನಾದರೂ ತಪ್ಪು ಓದಿದ್ದೇನಾ?

ದಾರಿಹೋಕ:
ತಪ್ಪೇನೂ ಓದಿಲ್ಲ. ತೀರ್ಪು ಜಾರಿಗೆ ಬರುವ ತಾರೀಕು ನೋಡಿ, ಉತ್ತರ ಅಲ್ಲೇ ಇದೆ. 1968ರ ಡಿಸೆಂಬರ್ 1! ಹೊಂದಿಕೊಳ್ಳಲು ಮಾಲೀಕರಿಗೆ ಸಮಯ ಬೇಕು ಅಂತ ಎರಡೂವರೆ ವರ್ಷಕ್ಕೂ ಜಾಸ್ತಿ ಮುಂದಕ್ಕೆ ಹಾಕಿದ್ದರು. ಸಾಲದ್ದಕ್ಕೆ, 'ನಿಧಾನ ಕೆಲಸಗಾರ' ಅಂತ ಹೆಸರಿಟ್ಟು ಕಡಿಮೆ ಕೂಲಿ ಕೊಡುವ ದಾರಿಯನ್ನೂ ತೆರೆದಿಟ್ಟಿದ್ದರು.

ವೇವ್ ಹಿಲ್ ಇದ್ದಿದ್ದು ಬ್ರಿಟನ್ನಿನ ವೆಸ್ಟಿ ಮನೆತನದ ಕಂಪನಿಯ ಕೈಯಲ್ಲಿ. ಗಂಡಸರು ಕುದುರೆ ಏರಿ ದನ ಅಟ್ಟಿಕೊಂಡು ಬರಬೇಕು, ಬರೆ ಹಾಕಬೇಕು, ಬೇಲಿ ಕಟ್ಟಬೇಕು. ಹೆಂಗಸರು ಮ್ಯಾನೇಜರನ ಮನೆಯಲ್ಲಿ ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು. ಸಿಗುತ್ತಿದ್ದುದು ಹಿಟ್ಟು, ಸಕ್ಕರೆ, ಟೀ ಪುಡಿ, ಒಂದಿಷ್ಟು ಮಾಂಸ, ತಂಬಾಕು, ಕೈಗೆ ಚಿಲ್ಲರೆ ದುಡ್ಡು. ಇರಲು ತಗಡಿನ ಗೂಡು, ಬಗ್ಗಿಕೊಂಡೇ ಒಳಗೆ ಹೋಗಬೇಕು. ಇದನ್ನು ಮುಷ್ಕರ ಮಾಡಿದವರು ಮಾತ್ರ ಹೇಳಿದ್ದಲ್ಲ. 1940ರ ದಶಕದಲ್ಲಿ, ಕೆಲಸಕ್ಕೆ ಜನ ಕಡಿಮೆಯಾಗುತ್ತಿದ್ದಾರಲ್ಲ ಅನ್ನೋ ಚಿಂತೆಗೆ ವೆಸ್ಟಿ ಕಂಪನಿಯೇ ರೊನಾಲ್ಡ್ ಮತ್ತು ಕ್ಯಾಥರೀನ್ ಬರ್ಂಟ್ ಅನ್ನೋ ಮಾನವಶಾಸ್ತ್ರಜ್ಞ ದಂಪತಿಯನ್ನು ಕರೆಸಿ ಅಧ್ಯಯನ ಮಾಡಿಸಿತು. ಕೆಟ್ಟ ಊಟ, ಕೆಟ್ಟ ವಸತಿ ಎಲ್ಲವನ್ನೂ ಅವರು ಬರೆದಿಟ್ಟರು. ಗೊತ್ತಿದ್ದೂ ಇಪ್ಪತ್ತು ವರ್ಷ ಹಾಗೇ ನಡೆಸಿದರು, ನನಗೆ ಸಿಟ್ಟು ಬರುವುದು ಇಲ್ಲೇ.

ಹಳೇಕಡತ:
ದಾರಿಹೋಕ ಅವರು ಹೇಳಿದ್ದು ಸರಿ, ಆದರೆ ಕೂಲಿ ಅನ್ನೋದು ಅರ್ಧ ಕಥೆ. ಮುಂದೆ ನಿಂತಿದ್ದ ವಿನ್ಸೆಂಟ್ ಲಿಂಗಿಯಾರಿ ಮತ್ತು ಅವರ ಜನಕ್ಕೆ ಬೇಕಿದ್ದದ್ದು ಅವರ ನೆಲ. ಸುಮಾರು 200 ಜನ, ಮಕ್ಕಳುಮರಿ ಸಮೇತ ಹೊರಟವರು, 1967ರಲ್ಲಿ ವಾಟಿ ಕ್ರೀಕ್‌ನಲ್ಲಿ, ಅವರ ಮಾತಿನಲ್ಲಿ ಡಾಗುರಾಗು, ಬೀಡುಬಿಟ್ಟರು. ಬರೀ ಕೂಲಿಯ ಜಗಳ ಆಗಿದ್ದರೆ ಅಲ್ಲಿ ಹೋಗಿ ಮನೆ ಯಾಕೆ ಕಟ್ಟಬೇಕಿತ್ತು, ಅಲ್ವಾ? ಅದೇ ವರ್ಷ ಗವರ್ನರ್ ಜನರಲ್‌ಗೆ ಅರ್ಜಿ ಹಾಕಿ ತಮ್ಮ ನೆಲ ಕೇಳಿದರು. ಆಗಲ್ಲ ಅಂದರು. ಇವರೂ ವಾಪಸ್ ಹೋಗಲಿಲ್ಲ.

ಕೊನೆಗೆ 1975ರ ಆಗಸ್ಟ್ 16ಕ್ಕೆ ಪ್ರಧಾನಿ ಗಾಫ್ ವಿಟ್ಲಮ್ ಬಂದು, ನೆಲ ವಾಪಸ್ ಕೊಟ್ಟ ಗುರುತಿಗೆ, ಲಿಂಗಿಯಾರಿ ಅವರ ಬೊಗಸೆಗೆ ಕೆಂಪು ಮಣ್ಣು ಸುರಿದರು. ಆ ಫೋಟೋ ನೀವು ನೋಡಿರುತ್ತೀರಿ. ತೆಗೆದಿದ್ದು ಮರ್ವಿನ್ ಬಿಷಪ್, ಅವರೂ ಮೂಲನಿವಾಸಿಯೇ. ಮೊದಲು ಮಣ್ಣು ಸುರಿದದ್ದು ನೆರಳಿನಲ್ಲಿ, ಆಮೇಲೆ ಬಿಷಪ್ ಕೇಳಿಕೊಂಡಿದ್ದಕ್ಕೆ ಹೊರಗೆ ಬಯಲಿಗೆ ಬಂದು ಇನ್ನೊಂದು ಸಲ ಸುರಿದರು. ಹಿಂದೆ ಕಾಣುವ ನೀಲಿ ಆಕಾಶ ಹಾಗೆ ಬಂದಿದ್ದು.

ಸಾಲುಮರ:
ಗುರಿಂಜಿಗಿಂತ ಇಪ್ಪತ್ತು ವರ್ಷ ಹಿಂದಿನದ್ದನ್ನು ಯಾರೂ ಹೇಳಲಿಲ್ಲ! ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ, 1946ರ ಮೇ 1. ಕುರಿ ಸ್ಟೇಷನ್‌ಗಳಲ್ಲಿದ್ದ ಸುಮಾರು 800 ಜನ ಒಂದೇ ಹೊತ್ತಿಗೆ ಕೆಲಸ ಬಿಟ್ಟರು, ಅದೂ ಉಣ್ಣೆ ಕತ್ತರಿಸುವ ಕಾಲ ಶುರುವಾಗುವ ಹೊತ್ತಿಗೆ. ಸ್ಟೇಷನ್‌ನಿಂದ ಸ್ಟೇಷನ್‌ಗೆ ಎಷ್ಟೋ ಮೈಲಿ, ಫೋನಿಲ್ಲ, ಬಹಳ ಜನಕ್ಕೆ ಓದಲೂ ಬರದು. ಹಾಗಾಗಿ ಕ್ಯಾಲೆಂಡರ್ ಬರೆದು ಗುಟ್ಟಾಗಿ ಹಂಚಿದರು. ಅದರಲ್ಲಿ ದಿನಕ್ಕೊಂದು ಚೌಕಕ್ಕೆ ಗೀಟು ಹಾಕುತ್ತಾ ಹೋಗುವುದು, ಗುರುತು ಮಾಡಿದ ದಿನ ಬಂದಾಗ ಹೊರಟುಬಿಡುವುದು. ಮುಷ್ಕರದ ಮುಂದಾಳುಗಳಾದ ಡೂಲಿ ಬಿನ್ ಬಿನ್, ಕ್ಲಾನ್ಸಿ ಮೆಕೆನ್ನಾ ಇಬ್ಬರನ್ನೂ ಜೈಲಿಗೆ ಹಾಕಿದರು. ಆದರೂ ಮುಷ್ಕರ 1949ರವರೆಗೂ ನಡೆಯಿತು. ಆಮೇಲೂ ಎಷ್ಟೋ ಜನ ಸ್ಟೇಷನ್ ಕಡೆ ತಲೆಹಾಕಲಿಲ್ಲ. ಯಾಂಡಿ ಅನ್ನೋ ಉದ್ದನೆ ತಟ್ಟೆಯಲ್ಲಿ, ಮೊರದಲ್ಲಿ ಕೇರಿದ ಹಾಗೆ, ಅದಿರು ಕೇರಿ ತವರ ತೆಗೆದು ಮಾರಿ ಬದುಕಿದರು.

ಕೆಂಪುಮಣ್ಣು:
ಕ್ಯಾಲೆಂಡರ್ ವಿಷಯ ಓದಿ ಮೈ ಜುಮ್ ಅಂತು. ತುಂಬಾ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ: 1968ರ ಡಿಸೆಂಬರ್ ಬಂದ ಮೇಲಾದರೂ ಕೂಲಿ ಸಿಕ್ಕಿತಾ?

ದಾರಿಹೋಕ:
ಕೆಲವರಿಗೆ ಸಿಕ್ಕಿತು. ತುಂಬಾ ಜನಕ್ಕೆ ಕೆಲಸವೇ ಹೋಯಿತು. ಹುಟ್ಟಿ ಬೆಳೆದ ಜಾಗದಿಂದ ಹೊರಹಾಕಿಸಿಕೊಂಡು ಪಟ್ಟಣದ ಅಂಚಿಗೆ ಬಂದು ಬಿದ್ದರು. ಸಮಾನ ಕೂಲಿ ಕೇಳಿದ್ದರಿಂದಲೇ ಹೀಗಾಯಿತು ಅಂತ ವಾದಿಸುವವರಿದ್ದಾರೆ, ನಾನು ಒಪ್ಪಲ್ಲ. ಹೊರಹಾಕಿದ್ದು ಮಾಲೀಕರು. ಅಷ್ಟೊತ್ತಿಗೆ ಬೇಲಿ, ದನ ಅಟ್ಟಲು ಹೆಲಿಕಾಪ್ಟರ್ ಬರುತ್ತಿದ್ದವು, ಅವರಿಗೆ ಜನ ಬೇಡವಾಗಿದ್ದರು.

ಹಿಡಿದಿಟ್ಟ ಕೂಲಿಯ ಕಥೆ ಬೇರೆಯೇ ಇದೆ. ಸರ್ಕಾರಗಳೇ ಇವರ ಸಂಬಳ ಹಿಡಿದುಕೊಂಡಿದ್ದವು. ಕ್ವೀನ್ಸ್‌ಲ್ಯಾಂಡ್ ಸರ್ಕಾರ 2019ರಲ್ಲಿ 19 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿಕೊಂಡಿತು, ಪಶ್ಚಿಮ ಆಸ್ಟ್ರೇಲಿಯಾ 2023ರಲ್ಲಿ ಸುಮಾರು 18 ಕೋಟಿಗೆ. ದುಡಿದವರಲ್ಲಿ ಬಹಳ ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ಅರ್ಜಿ ಹಾಕಿದ್ದು ಅವರ ಮಕ್ಕಳು.